ಚೀಟಿ ಏನು ಹೇಳುತ್ತೆ ನೋಡು, ಮಗೂ

ಹೇಳಿದ ಮಾತು ಮಕ್ಕಳು ಕೇಳುವುದಿಲ್ಲ ಎಂದು ಗೋಳಾಡದ ತಾಯಿ ಯಾವ ಊರಿನಲ್ಲಿದ್ದಾಳೆ, ಹೇಳಿ? ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ನಿಂತರೆ, ಮದುವೆಮನೆಯಲ್ಲಿ ತರಕಾರಿ ಹೆಚ್ಚಲು ನಾಲ್ಕು ಜನ ಕೂತರೆ, ಮೊದಲು ಬರುವ ಮಾತೇ ಇದು. ಆದರೆ ಸೋದರಿಯರೇ, ಇದರ ಪಕ್ಕದಲ್ಲೇ ಇರುವ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಆಡುವುದಿಲ್ಲ. ಬಾಯಲ್ಲಿ ಹೇಳಿದ್ದನ್ನು ಹತ್ತು ಸಲ ಹೇಳಿದ ಮೇಲಾದರೂ ಮಾಡುವ ಮಗು, ಕಾಗದದ ಮೇಲೆ ಬರೆದದ್ದನ್ನು ತಾನೇ ಓದಿಕೊಂಡು ಅದರಂತೆ ಮಾಡುತ್ತದೆಯೇ? ಓದಲು ಬರುವುದು ಬೇರೆ, ಓದಿದಂತೆ ಮಾಡಲು ಬರುವುದು ಬೇರೆ. ಇದು ನನಗೆ ಚೆನ್ನಾಗಿ ತಿಳಿದದ್ದು ನನ್ನ ಕಿರಿಮಗ ಆರನೇ ತರಗತಿಗೆ ಬಂದ ವರ್ಷ.

ನಾವಿರುವುದು ಹೊಳಲ್ಕೆರೆಯಲ್ಲಿ. ಊರಾಚೆ ಸ್ವಲ್ಪ ಅಡಿಕೆ ತೋಟ ಇದೆ. ನನ್ನ ತವರು ಹೊಸದುರ್ಗದ ಕಡೆಯ ಒಂದು ಹಳ್ಳಿ. ನಾದಿನಿಯನ್ನು ಹಿರಿಯೂರಿಗೆ ಕೊಟ್ಟಿದೆ. ಮಗಳು ದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತಿದ್ದಾಳೆ. ಹೀಗಾಗಿ ನಮ್ಮ ಸಂಸಾರ ಈ ನಾಲ್ಕು ಊರುಗಳ ಬಸ್ಸಿನಲ್ಲೇ ಅರ್ಧ ಕಳೆಯುತ್ತದೆ ಅನ್ನಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಕ್ಕಳ ಮನಶ್ಶಾಸ್ತ್ರ ಗೊತ್ತಿದೆ ಎಂದು ಹೇಳುವವಳಲ್ಲ. ಮನೆಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ, ಅಷ್ಟೆ.

ನಮ್ಮ ಪುಟ್ಟನಿಗೆ ಪಾಠ ಓದು ಎಂದರೆ ಮಳೆ ಸುರಿದ ಹಾಗೆ ಓದುತ್ತಾನೆ. ಎಲ್ಲೂ ತಡವರಿಸುವುದಿಲ್ಲ. ಕೇಳಿದವರು 'ಭೇಷ್' ಅನ್ನಬೇಕು. ಅಂಥವನು ಕಿರುಪರೀಕ್ಷೆಯಲ್ಲಿ 'ಬೇಕಾದ ಐದು ಪ್ರಶ್ನೆಗಳಿಗೆ ಉತ್ತರಿಸಿ' ಎಂದಿದ್ದರೆ ಎಂಟಕ್ಕೂ ಬರೆದು ಬಂದ. ಹೊತ್ತು ಸಾಲದೆ ಕೊನೆಯ ಪುಟ ಖಾಲಿ. 'ಒಂದು ವಾಕ್ಯದಲ್ಲಿ ಉತ್ತರಿಸಿ' ಎಂದ ಕಡೆ ಅರ್ಧ ಪುಟ. 'ಹೊಂದಿಸಿ ಬರೆಯಿರಿ' ಎಂದ ಕಡೆ ಬರೆಯದೆ ಬರೀ ಗೆರೆ ಎಳೆದಿದ್ದ. ಉತ್ತರ ಗೊತ್ತಿತ್ತು, ಅಂಕ ಬರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಸೂಚನೆ ಓದು' ಎಂದು ಮೂರು ಕಡೆ ಬರೆದಿದ್ದರು.

ಪೋಷಕರ ಸಭೆಗೆ ಹೋದಾಗ ಅವನ ಟೀಚರಮ್ಮ ಒಂದು ಮಾತು ಹೇಳಿದರು. "ನೋಡಿ ಅಮ್ಮ, ಪಾಠದಲ್ಲಿ ಬರೋದು ರಾಜನ ಕಥೆ, ಕಾಗೆ ಕಥೆ. ಅವನು ಅದನ್ನ ಚೆನ್ನಾಗಿ ಓದ್ತಾನೆ. ಆದ್ರೆ ಸೂಚನೆ ಅನ್ನೋದು ಅವನಿಗೇ ಹೇಳಿದ ಮಾತು. ಓದ್ತಾ ಇರೋದು ತನಗೇ ಹೇಳ್ತಾ ಇದೆ ಅಂತ ಅವನಿಗೆ ಅನ್ನಿಸೋದೇ ಇಲ್ಲ." ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಇದೇ ಯೋಚನೆ. ನಿಜ ತಾನೇ? ಅಮ್ಮ ಕೂಗಿದರೆ ಹೆಸರು ಹಿಡಿದು ಕೂಗುತ್ತಾಳೆ. ಕೇಳದಿದ್ದರೆ ಮತ್ತೆ ಕೂಗುತ್ತಾಳೆ, ಇನ್ನೂ ಕೇಳದಿದ್ದರೆ ಕಿವಿ ಹಿಡಿಯುತ್ತಾಳೆ. ಕಾಗದ ಹೆಸರು ಹಿಡಿಯುವುದಿಲ್ಲ, ಎರಡನೇ ಸಲ ಕೂಗುವುದೂ ಇಲ್ಲ. ಹುಡುಗನೇ ಅದರ ಹತ್ತಿರ ಹೋಗಿ 'ನನಗೇನು ಹೇಳಿದೆ?' ಎಂದು ಕೇಳಬೇಕು. ಅದನ್ನು ಯಾರಾದರೂ ಕಲಿಸಬೇಕಲ್ಲ!

ಇದು ಬರೀ ಅಂಕದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಅಕ್ಷರ ಬಾರದು, ಬಂದರೂ ಸಣ್ಣ ಅಕ್ಷರ ಕಾಣದು. ಇರಸಲು ಮನೆಯಿರಲಿ, ತಾರಸಿ ಮನೆಯಿರಲಿ, ಕಾಗದ ಬಂದರೆ ಓದಲು ಕರೆಯುವುದು ಮಕ್ಕಳನ್ನೇ. ನಮ್ಮ ಅತ್ತೆಯವರನ್ನೇ ತೆಗೆದುಕೊಳ್ಳಿ. ಎಪ್ಪತ್ತು ದಾಟಿದೆ, ರಕ್ತದೊತ್ತಡಕ್ಕೆ ಒಂದು, ಸಕ್ಕರೆಗೆ ಒಂದು ಮಾತ್ರೆ. ಅವರ ಲೆಕ್ಕ ಬಣ್ಣದ್ದು. ಬಿಳೀದು ಬೆಳಿಗ್ಗೆ, ಕೆಂಪು ರಾತ್ರಿ. ಒಂದು ತಿಂಗಳು ಅದೇ ಔಷಧಿ ಬೇರೆ ಕಂಪನಿಯದು ಬಂತು. ಬಿಳಿ ಇದ್ದದ್ದು ತಿಳಿಗುಲಾಬಿ ಆಗಿತ್ತು. ಅತ್ತೆ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ್ದೋ ರಾತ್ರೀದು ಇರಬೇಕು ಕಣೋ" ಎಂದು ಎತ್ತಿಟ್ಟುಕೊಂಡರು. ನಾನು ಮನೆಯಲ್ಲಿದ್ದದ್ದರಿಂದ ಸರಿಹೋಯಿತು. ಇಲ್ಲದ ದಿನ? ಆಗ ಮನೆಯಲ್ಲಿ ಅಕ್ಷರ ಬಲ್ಲವನು ಪುಟ್ಟನೊಬ್ಬನೇ.

ಬರೆದ ಸೂಚನೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಪತ್ತೆಹಚ್ಚಿದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಕೊರೆಸಿದ್ದೇನು ಗೊತ್ತೇ? ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂದು. ತಂದೆತಾಯಿಯ ಮಾತು ಕೇಳಿ ಎಂದು ಚಕ್ರವರ್ತಿಯೇ ಕಲ್ಲಿನ ಮೇಲೆ ಬರೆಸಬೇಕಾಯಿತೆಂದರೆ ಆಗಿನ ತಾಯಂದಿರಿಗೂ ನಮ್ಮ ಗೋಳೇ ಇತ್ತೆಂದು ಕಾಣುತ್ತದೆ! ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಅಲ್ಲಿ ಕೆತ್ತಿದ್ದಾನೆ. ಆದರೆ ಅಂದಿನ ಹಳ್ಳಿಯ ಜನ ಅದನ್ನು ತಾವೇ ಓದಿರಲಾರರು. ಬಲ್ಲವರು ಯಾರೋ ಓದಿ ಹೇಳಿರಬೇಕು. ಇವತ್ತು ನಮ್ಮ ಮನೆಗಳಲ್ಲಿ ಆ 'ಬಲ್ಲವರು' ಹತ್ತು ಹನ್ನೆರಡು ವರ್ಷದ ಮಕ್ಕಳು. ಅವರು ಅರ್ಧ ಓದಿ ಹೇಳಿದರೆ ಮನೆಯವರು ಅರ್ಧವನ್ನೇ ನಂಬುತ್ತಾರೆ.

ಸರಿ, ಕಲಿಸುವುದು ಹೇಗೆ? ನಾನು ಶುರು ಮಾಡಿದ್ದು ಚೀಟಿಯಿಂದ. ಸಂಜೆ ತೋಟಕ್ಕೋ ಗಣಪತಿ ಗುಡಿಗೋ ಹೋಗುವ ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಸಾಲು ಬರೆದು ಅಡಿಗೆಮನೆಯ ಬಾಗಿಲಿಗೆ ಸಿಕ್ಕಿಸುತ್ತಿದ್ದೆ. '1. ಕೈಕಾಲು ತೊಳೆ. 2. ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚು. 3. ಮೇಲಿನ ಗೂಡಿನಲ್ಲಿ ಎಡಗಡೆಯ ಡಬ್ಬಿ ತೆಗೆ, ಎರಡು ಮಾತ್ರ ತಗೊ.' ಆ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ. ಬಲಗಡೆಯ ಡಬ್ಬಿಯಲ್ಲಿ ಬರೀ ಮೆಂತ್ಯ! ಮೊದಲ ದಿನ ಬಲಗಡೆಯದನ್ನು ತೆಗೆದು ಮುಖ ಕಿವುಚಿಕೊಂಡ. ಮಾರನೇ ದಿನದಿಂದ 'ಎಡ', 'ಬಲ', 'ಮೇಲೆ', 'ಕೆಳಗೆ' ಎಂಬ ಪದಗಳನ್ನು ಬಿಡದೆ ಓದತೊಡಗಿದ. ಬೈದು ಕಲಿಸುವುದಕ್ಕಿಂತ ಮೆಂತ್ಯ ಚೆನ್ನಾಗಿ ಕಲಿಸುತ್ತದೆ.

ಮೂರು ಸಾಲು ಆರಾಯಿತು, ಆರು ಹತ್ತಾಯಿತು. ಇದರಲ್ಲಿ ಕಷ್ಟವಾದದ್ದು ಬರೆಯುವುದಲ್ಲ, ಬಾಯಿ ಮುಚ್ಚಿಕೊಂಡಿರುವುದು. ಅವನು ಚೀಟಿ ಕೈಯಲ್ಲೇ ಹಿಡಿದು "ಅಮ್ಮಾ, ಏನ್ ಮಾಡ್ಬೇಕು?" ಎಂದು ಬರುತ್ತಿದ್ದ. ಹೇಳಿಬಿಟ್ಟರೆ ಅರೆ ನಿಮಿಷದ ಕೆಲಸ. ಆದರೆ ಹೇಳಿದರೆ ಚೀಟಿ ಸತ್ತ ಹಾಗೆ. "ಚೀಟಿ ಏನು ಹೇಳುತ್ತೆ ನೋಡು, ಮಗೂ" ಎನ್ನುತ್ತಿದ್ದೆ, ಅಷ್ಟೆ. ಅತ್ತೆಯವರಿಗೆ ಇದು ಸರಿಬರಲಿಲ್ಲ. "ಬಾಯಾಗೆ ಹೇಳಿದ್ರೆ ಮುಗೀತಲ್ಲ, ಮಗೀನ ಯಾಕಮ್ಮ ಸತಾಯಿಸ್ತೀಯ?" ಎಂದು ಎರಡು ಮೂರು ಸಲ ಅಂದರು. ನಾನು ವಾದ ಮಾಡಲಿಲ್ಲ. ದೊಡ್ಡವರು ಹೇಳುವುದರಲ್ಲಿ ಪ್ರೀತಿಯೇ ಇರುತ್ತದೆ. ಆದರೆ ನಿಲುವು ಬಿಡಲೂ ಇಲ್ಲ.

ಆಮೇಲೆ ಅಡಿಗೆ ಪುಟಕ್ಕೆ ಬಂದೆವು. ಸೋದರಿಯರೇ, ಇಂಥ ಪತ್ರಿಕೆಗಳಲ್ಲಿ ಬರುವ ಅಡಿಗೆ ಬರಹಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಗಲಿಲ್ಲ. ಸಾಮಾನಿನ ಪಟ್ಟಿ ಇರುತ್ತದೆ, ಅಳತೆ ಇರುತ್ತದೆ, ಒಂದಾದ ಮೇಲೊಂದು ಕೆಲಸ ಇರುತ್ತದೆ, ಕೊನೆಗೆ ತಿನ್ನಲು ಏನಾದರೂ ಸಿಗುತ್ತದೆ. ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ ಕಡಲೆಕಾಳಿನ ಉಸಲಿ ಮಾಡುತ್ತೇನೆಂದು ಪುಟ ತೆರೆದು ಕೂತ. ಒಗ್ಗರಣೆಗೆ ಬೇಕಾದ್ದೆಲ್ಲ ಜೋಡಿಸಿಕೊಂಡ. ಆಮೇಲೆ ನೋಡುತ್ತಾನೆ, ಪಟ್ಟಿಯ ಮೊದಲ ಸಾಲಿನಲ್ಲೇ 'ರಾತ್ರಿ ನೆನೆಸಿದ ಕಡಲೆಕಾಳು, ಒಂದು ಬಟ್ಟಲು' ಎಂದಿದೆ. 'ನೆನೆಸಿರಿ' ಎಂದು ಕೆಳಗೆ ಎಲ್ಲೂ ಬರೆದಿಲ್ಲ. ಕೆಲಸವೊಂದು ಪಟ್ಟಿಯೊಳಗೇ ಅಡಗಿ ಕೂತಿತ್ತು. ನಿನ್ನೆಯೇ ಶುರುವಾಗಬೇಕಿದ್ದ ಅಡಿಗೆ ಅದು! ಆ ದಿನ ಉಸಲಿ ಆಗಲಿಲ್ಲ. ರಾತ್ರಿ ತಾನೇ ಕಾಳು ನೆನೆಸಿಟ್ಟು ಮಲಗಿದ, ಬೆಳಿಗ್ಗೆ ಎದ್ದವನು ಹಲ್ಲುಜ್ಜುವ ಮೊದಲು ಹೋಗಿ ಉಬ್ಬಿದೆಯೇ ಎಂದು ನೋಡಿದ. ಕೆಲಸಕ್ಕೆ ಕೈಹಾಕುವ ಮುಂಚೆ ಕೊನೆಯವರೆಗೆ ಒಮ್ಮೆ ಓದಬೇಕು ಎನ್ನುವುದನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುವುದೂ ಇದಕ್ಕೇ ಅಲ್ಲವೇ?

ಅದೇ ಉಸಲಿಯ ದಿನ ಅವನು ಕೇಳಿದ ಇನ್ನೊಂದು ಪ್ರಶ್ನೆ: "ಉಪ್ಪು ರುಚಿಗೆ ತಕ್ಕಷ್ಟು ಅಂತ ಇದೆ. ತಕ್ಕಷ್ಟು ಅಂದ್ರೆ ಎಷ್ಟಮ್ಮ?" ನನಗೆ ನಗು ಬಂತು, ಆದರೆ ಪ್ರಶ್ನೆ ಸರಿಯಾದದ್ದೇ. ಬರೆದದ್ದರಲ್ಲಿ ಎರಡು ಬಗೆ ಇದೆ ಎಂದು ಹೇಳಿಕೊಟ್ಟೆ. ಕೆಲವು ಕಡೆ ಬರೆದವರು ನಿನ್ನ ನಾಲಿಗೆಗೆ ಬಿಟ್ಟಿರುತ್ತಾರೆ. ಸ್ವಲ್ಪ ಹಾಕು, ನೋಡು, ಬೇಕಾದರೆ ಮತ್ತೆ ಹಾಕು. ಕೆಲವು ಕಡೆ ಅಳತೆಯನ್ನು ಅಂಕಿಯಲ್ಲಿ ಬರೆದಿರುತ್ತಾರೆ. ಅಲ್ಲಿ ನಿನ್ನ ನಾಲಿಗೆಗೂ ಕೆಲಸವಿಲ್ಲ, ನಿನ್ನ ಅಜ್ಜಿಯ ಅನುಭವಕ್ಕೂ ಕೆಲಸವಿಲ್ಲ. ಔಷಧಿಯ ಹಾಳೆಯಲ್ಲಿ 'ರುಚಿಗೆ ತಕ್ಕಷ್ಟು' ಎಂದು ಎಲ್ಲೂ ಇರುವುದಿಲ್ಲ. ಈ ಮಾತನ್ನು ಮುಂದೆ ಅವನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಒಲೆಯ ಹತ್ತಿರ ಮಾತ್ರ ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ. ಒಗ್ಗರಣೆ ಸಿಡಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಇನ್ನು ನಮ್ಮ ಕನ್ನಡದ್ದೇ ಒಂದು ವಿಶೇಷ ಇದೆ. ನಮ್ಮ ವಾಕ್ಯದಲ್ಲಿ ಮಾಡಬೇಕಾದ್ದು ಬರುವುದು ಕೊನೆಗೆ. 'ಊಟಕ್ಕೆ ಮೊದಲು ಒಂದು ಲೋಟ ನೀರಿನೊಂದಿಗೆ ತೆಗೆದುಕೊಳ್ಳ' ಎನ್ನುವವರೆಗೂ ಏನೂ ತೀರ್ಮಾನವಾಗುವುದಿಲ್ಲ. ಆಮೇಲೆ 'ಬೇಕು' ಇದೆಯೋ 'ಬಾರದು' ಇದೆಯೋ, ಅದರ ಮೇಲೆ ಎಲ್ಲ ನಿಂತಿದೆ. 'ಬಹುದು', 'ಬಾರದು' ಎರಡಕ್ಕೂ ಮೊದಲಕ್ಷರ ಹೆಚ್ಚುಕಡಿಮೆ ಒಂದೇ, ಅರ್ಥ ಮಾತ್ರ ಆಕಾಶ ಪಾತಾಳ. ಓಡಿಸಿಕೊಂಡು ಓದುವ ಮಗು ಸಾಲಿನ ಮೊದಲ ನಾಲ್ಕು ಪದ ನೋಡಿ, ಉಳಿದದ್ದನ್ನು ತಾನೇ ಊಹಿಸಿಕೊಂಡುಬಿಡುತ್ತದೆ.

ನಾದಿನಿಯ ಊರಾದ ಹಿರಿಯೂರಿನ ವಾಣಿವಿಲಾಸ ಸಾಗರ ನಿಮಗೆ ಗೊತ್ತಲ್ಲ, ನಾವು ಮಾರಿಕಣಿವೆ ಎನ್ನುವ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ. ಮತ್ತೆ 2025ರ ಜನವರಿಯಲ್ಲೂ ಬಿತ್ತು. ನೋಡಲು ಜನವೋ ಜನ. ಇಂಥ ನೀರಿನ ಜಾಗಗಳಲ್ಲಿ 'ಈಜುವುದನ್ನು, ಬಟ್ಟೆ ಒಗೆಯುವುದನ್ನು ನಿಷೇಧಿಸಲಾಗಿದೆ' ಎಂದು ಫಲಕ ಹಾಕುತ್ತಾರೆ. ಮೊದಲ ಪದವನ್ನಷ್ಟೇ ಓದಿದ ಮಗುವಿಗೆ ಅದು ಈಜುವ ಜಾಗ ಎಂದೇ ಅನ್ನಿಸೀತು! ಆದ್ದರಿಂದ ನಾನೊಂದು ಆಟ ಕಟ್ಟಿದೆ. ಯಾವುದಾದರೂ ಸೂಚನೆಯ ಕೊನೆಯ ಪದದ ಮೇಲೆ ನನ್ನ ಹೆಬ್ಬೆರಳು ಇಟ್ಟು, "ಇಲ್ಲಿ ಬೇಕು ಇದ್ರೆ ಏನಾಗುತ್ತೆ? ಬಾರದು ಇದ್ರೆ ಏನಾಗುತ್ತೆ?" ಎಂದು ಕೇಳುವುದು. ಅವನು ಎರಡೂ ಹೇಳಿದ ಮೇಲೆ ಬೆರಳು ತೆಗೆಯುವುದು. ನಾಲ್ಕು ದಿನದಲ್ಲಿ ಸಾಲಿನ ತುದಿಯವರೆಗೆ ಕಣ್ಣು ಹೋಗುವ ಅಭ್ಯಾಸವಾಯಿತು. 'ಮಾತ್ರ', 'ಅಥವಾ', 'ವರೆಗೆ', 'ಮೊದಲು', 'ನಂತರ', 'ಬೇಕಾದ' ಇಂಥ ಸಣ್ಣ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಸಿದೆ. ದೊಡ್ಡ ಪದಗಳು ತಾವೇ ಕಣ್ಣಿಗೆ ಬೀಳುತ್ತವೆ. ಮೋಸ ಮಾಡುವುದು ಈ ಸಣ್ಣವೇ.

ಇನ್ನೊಂದು ತೊಡಕು ಪುಸ್ತಕದ ಮಾತು. ನಮ್ಮ ಮನೆಯಲ್ಲಿ ಯಾರೂ 'ಸೇವಿಸಿ' ಎನ್ನುವುದಿಲ್ಲ, 'ಕೆಳಕಂಡ' ಎನ್ನುವುದಿಲ್ಲ. 'ಅಡಿಗೆರೆ', 'ಸೂಕ್ತ', 'ಶೇಖರಿಸಿಡಿ' ಇವೆಲ್ಲ ಕಾಗದದ ಮೇಲಷ್ಟೇ ಬದುಕಿರುವ ಮಾತು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕಾಗದದ ಮಾತು, ಬಲಗಡೆ ಮನೆಯ ಮಾತು ಬರೆಯಿಸಿದೆ. 'ಸೇವಿಸಿ' ಎಂದರೆ ತಿನ್ನು ಅಥವಾ ಕುಡಿ. 'ಕಲಕಿ' ಎಂದರೆ ಚಮಚದಲ್ಲಿ ತಿರುಗಿಸು, 'ಕಲಸಿ' ಎಂದರೆ ಕೈಯಲ್ಲಿ ಹಿಟ್ಟಿನ ಹಾಗೆ. ವೈದ್ಯರ ಚೀಟಿಯಲ್ಲಿರುವ '1-0-1' ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದನ್ನು ಕಲಿತ ಮೇಲೆ ಅಜ್ಜಿಯ ಮಾತ್ರೆ ಹಾಳೆಯ ಹೆಸರನ್ನು ಚೀಟಿಯ ಹೆಸರಿನೊಂದಿಗೆ ಒಂದೊಂದೇ ಅಕ್ಷರ ಸೇರಿಸಿ ನೋಡುವ ಕೆಲಸ ಅವನದಾಯಿತು. ಮಾತ್ರೆ ಕೈಗೆ ಕೊಡುವುದು ಮಾತ್ರ ಈಗಲೂ ನಾನೇ. ಓದುವ ಜವಾಬ್ದಾರಿ ಮಗುವಿಗೆ ಕೊಡಿ, ಔಷಧಿ ಡಬ್ಬಿಯ ಬೀಗ ನಿಮ್ಮಲ್ಲೇ ಇರಲಿ. ಸತಾಯಿಸಬೇಡ ಎಂದಿದ್ದ ಅತ್ತೆಯವರೇ ಈಗ ಹೊಸ ಹಾಳೆ ಬಂದರೆ "ಪುಟ್ಟ ನೋಡಿದ್ನಾ?" ಎಂದು ಕೇಳುತ್ತಾರೆ.

ದಸರೆ ರಜೆಗೆ ಹಿರಿಯೂರಿಗೆ ಹೋದಾಗ ನಾದಿನಿಯ ಮನೆಯವರು ಈರುಳ್ಳಿಗೆ ಹೊಡೆಯಲು ಔಷಧಿ ತಂದಿದ್ದರು. ಡಬ್ಬಿಯ ಮೇಲೆ ಚೌಕವನ್ನು ಓರೆಯಾಗಿ ನಿಲ್ಲಿಸಿದ ಹಾಗೆ ಒಂದು ಗುರುತು ಇರುತ್ತದೆ, ನೋಡಿದ್ದೀರಾ? ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರಾದರೂ ವಿಷ ವಿಷವೇ. ಜೊತೆಗೆ ಮಡಿಸಿದ ಒಂದು ಕಾಗದ ಇರುತ್ತದೆ. ಎಷ್ಟು ನೀರಿಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು, ಅಕಸ್ಮಾತ್ ಹೊಟ್ಟೆಗೆ ಹೋದರೆ ಏನು ಮಾಡಬೇಕು, ಎಲ್ಲ ಅದರಲ್ಲೇ. ಅಕ್ಷರ ಮಾತ್ರ ಸಾಸಿವೆಗಿಂತ ಸಣ್ಣದು. ಅದನ್ನು ಬಿಸಾಡುವ ಮೊದಲು ನಾದಿನಿ ಪುಟ್ಟನ ಕೈಗೆ ಕೊಟ್ಟಳು. ಅವನು ಡಬ್ಬಿಯಿಂದ ದೂರ, ಜಗಲಿಯ ಮೇಲೆ ಕೂತು ಪೂರ್ತಿ ಓದಿ ಹೇಳಿದ. ಅವರ ಯಜಮಾನರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಯ ದಿಕ್ಕು ನೋಡಿಕೊಂಡು ಹೊರಟರು.

ರಂಗೋಲಿಯನ್ನೂ ಬಿಡಲಿಲ್ಲ ನಾನು. '15 ಚುಕ್ಕಿ, 8 ಬರುವವರೆಗೆ ಸಂದು ಚುಕ್ಕಿ' ಎಂಬ ಒಂದು ಸಾಲಿನಲ್ಲಿ ಎಷ್ಟು ಸೂಚನೆ ಅಡಗಿದೆ, ಯೋಚಿಸಿ! ನಡುವಿನ ಸಾಲಿಗೆ ಹದಿನೈದು, ಮೇಲೂ ಕೆಳಗೂ ಎರಡು ಚುಕ್ಕಿಯ ಸಂದಿಗೆ ಒಂದರಂತೆ ಹದಿನಾಲ್ಕು, ಹದಿಮೂರು, ಹೀಗೆ ಎಂಟರವರೆಗೆ. ಸರಿಯಾಗಿ ಇಟ್ಟರೆ ಒಟ್ಟು 169 ಚುಕ್ಕಿ ಬರಬೇಕು. ಪುಟ್ಟ ಕಾಗದದ ಮೇಲೆ ಪೆನ್ಸಿಲಿನಲ್ಲಿ ಇಟ್ಟು ಎಣಿಸಿದ. ಮೊದಲ ಸಲ 161 ಬಂತು. ಎಲ್ಲಿ ತಪ್ಪಿತೆಂದು ತಾನೇ ಹುಡುಕಿದ. ಕೊನೆಯ ಒಂದು ಸಾಲು ಹಾಕಿರಲಿಲ್ಲ. 'ಎಂಟರವರೆಗೆ' ಎಂದರೆ ಎಂಟೂ ಸೇರಿ ಎನ್ನುವುದು ಆಗ ಗೊತ್ತಾಯಿತು. ಮಾಡಿದ ಮೇಲೆ ಸರಿಯೇ ಎಂದು ತಾಳೆ ನೋಡುವುದೂ ಕಲಿಕೆಯ ಒಂದು ಭಾಗ.

ಮಗಳನ್ನು ನೋಡಲು ದುರ್ಗಕ್ಕೆ ಹೋದಾಗ ಕೋಟೆಯಲ್ಲಿ ಇನ್ನೊಂದು ಪರೀಕ್ಷೆ ಇಟ್ಟೆವು. ಆ ದಿನ ನಾವು ಯಾರೂ ದಾರಿ ಹೇಳುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಫಲಕ ನೋಡಿಕೊಂಡು ಪುಟ್ಟನೇ ನಮ್ಮನ್ನು ಒನಕೆ ಓಬವ್ವನ ಕಿಂಡಿಗೂ ಅಕ್ಕ ತಂಗಿ ಹೊಂಡಕ್ಕೂ ಕರೆದೊಯ್ಯಬೇಕು. ಏಳು ಸುತ್ತಿನ ಕೋಟೆ, ಕೇಳಬೇಕೇ? ಎರಡು ಕಡೆ ಸುತ್ತಿಸಿದ. "ಕಾಲು ನೋಯ್ತಾ ಐತೆ, ನೀನಾದ್ರೂ ಹೇಳಬಾರ್ದಾ" ಎಂದು ನಮ್ಮ ಯಜಮಾನರು ನನ್ನ ಕಡೆ ನೋಡಿದರು. ನಾನು ಓಬವ್ವನ ಹಾಗೆ ಗಟ್ಟಿಯಾಗಿ ನಿಂತೆ! ಕೊನೆಗೆ ಕಿಂಡಿಯ ಮುಂದೆ ನಿಂತಾಗ ಅವನ ಮುಖ ನೋಡಬೇಕಿತ್ತು.

ಇದೆಲ್ಲ ನನ್ನ ಹೊಸ ಶೋಧವೇನೂ ಅಲ್ಲ. ನಮ್ಮ ಸರ್ಕಾರಿ ಶಾಲೆಗಳ 'ನಲಿ-ಕಲಿ' ಗೊತ್ತಿರಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಬಂದ ಪದ್ಧತಿ ಅದು. ಅದರಲ್ಲಿ ಮಗು ಕಲಿಕೆಯ ಮೆಟ್ಟಿಲು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಮೇಲಿನ ಚಿತ್ರದ ಗುರುತಿನಂತೆ ತನ್ನ ಗುಂಪಿಗೆ ಹೋಗಿ ಕೂರಬೇಕು. ಅಕ್ಷರ ಬರುವ ಮೊದಲೇ ಗುರುತು ಹೇಳಿದಂತೆ ನಡೆಯುವ ಅಭ್ಯಾಸ. ನಿಮ್ಮ ಮಗು ಇನ್ನೂ ಚಿಕ್ಕದಾಗಿದ್ದರೆ ನೀವೂ ಚಿತ್ರದ ಚೀಟಿಯಿಂದಲೇ ಶುರು ಮಾಡಬಹುದು.

ಇನ್ನು ಹೊಸದುರ್ಗದ ಮಾತು. ಬೇಸಿಗೆಯಲ್ಲಿ ತವರಿಗೆ ಹೋಗಿದ್ದೆವು. ಅಣ್ಣನ ಮಗಳು ತನ್ನ ಒಂದೂವರೆ ವರ್ಷದ ಮಗುವಿನೊಂದಿಗೆ ಬಂದಿದ್ದಳು. ಆ ರಾತ್ರಿ ಕೂಸಿಗೆ ಭೇದಿ ಹತ್ತಿತು. ಹತ್ತು ಗಂಟೆಯೊಳಗೆ ಐದಾರು ಸಲ ಆಯಿತು. ಕರೆಂಟು ಬೇರೆ ಹೋಗಿತ್ತು. ಅಣ್ಣ ಗಾಡಿ ಹುಡುಕಲು ಹೊರಟ. ಕೂಸಿನ ತಾಯಿ ಅಳುತ್ತಾ ಅದನ್ನು ಎತ್ತಿಕೊಂಡು ಓಡಾಡುತ್ತಿದ್ದಳು, ನಾನು ಬಟ್ಟೆ ಬದಲಿಸುವುದರಲ್ಲಿದ್ದೆ. ಆಶಾ ಕಾರ್ಯಕರ್ತೆ ಹಿಂದೆ ಕೊಟ್ಟಿದ್ದ ಓ.ಆರ್.ಎಸ್. ಪೊಟ್ಟಣ ಗೂಡಿನಲ್ಲಿತ್ತು. ಅತ್ತಿಗೆ ಅದನ್ನು ಹರಿದು ಒಂದು ಲೋಟ ನೀರಿಗೆ ಸುರಿಯಲು ಹೋದರು. "ಗಟ್ಟಿಯಾಗಿದ್ರೆ ಬೇಗ ಹಿಡಿಯುತ್ತೆ" ಎನ್ನುವುದು ಅವರ ಲೆಕ್ಕ. ಪುಟ್ಟ ಪೊಟ್ಟಣವನ್ನು ಮೊಬೈಲಿನ ಬೆಳಕಿಗೆ ಹಿಡಿದು ನಿಂತಿದ್ದ. "ಅತ್ತೆ, ತಡೀರಿ. ಒಂದು ಲೀಟರ್ ಅಂತ ಇದೆ." "ಅಷ್ಟು ನೀರು ಕೂಸು ಎಲ್ಲಿ ಕುಡೀತದೋ, ಹಾಕು ಅತ್ಲಾಗೆ" ಎಂದರು ಅತ್ತಿಗೆ. ಅವನು ಬಿಡಲಿಲ್ಲ. "ಒಂದೇ ಸಲ ಅಲ್ಲ ಅತ್ತೆ, 24 ಗಂಟೆ ಇಟ್ಕೊಂಡು ಸ್ವಲ್ಪ ಸ್ವಲ್ಪ ಅಂತ ಇದೆ. ಇದು ರುಚಿಗೆ ತಕ್ಕಷ್ಟು ಅಲ್ಲ, ಅಂಕಿ ಬರೆದಿದ್ದಾರೆ."

ನಾನು ಕೈತೊಳೆದು ಬಂದು ಕಾಗದ ನೋಡಿದೆ. ಅವನು ಹೇಳಿದ್ದು ಅಕ್ಷರಶಃ ಸರಿ. ಬಸ್ಸಿನಲ್ಲಿ ತಂದಿದ್ದ ಒಂದು ಲೀಟರ್ ನೀರಿನ ಬಾಟಲಿಯೇ ಅಳತೆಗೆ ಒದಗಿತು. ಕಾಯಿಸಿ ಆರಿಸಿದ್ದ ನೀರನ್ನು ಅದರಲ್ಲಿ ಅಳೆದು, ಪೊಟ್ಟಣ ಪೂರ್ತಿ ಸುರಿದು, ಕಲಕಿ, ಚಮಚದಲ್ಲಿ ಕುಡಿಸುತ್ತಾ ಕೂತೆವು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ. ನಡುರಾತ್ರಿ ಹೊತ್ತಿಗೆ ಕೂಸು ಕಣ್ಣು ಬಿಟ್ಟು ನೋಡಿತು, ಉಚ್ಚೆ ಹೊಯ್ದಿತು. ಉಚ್ಚೆ ಕಂಡು ನಾವು ಅಷ್ಟು ಸಂತೋಷಪಟ್ಟದ್ದು ಆ ದಿನವೇ! ಬೆಳಿಗ್ಗೆ ಹೊಸದುರ್ಗದ ಆಸ್ಪತ್ರೆಯಲ್ಲಿ ವೈದ್ಯರು ವಿಚಾರಿಸಿ, ಲೋಟಕ್ಕೆ ಸುರಿದಿದ್ದರೆ ಉಪ್ಪಿನಂಶ ವಿಪರೀತವಾಗಿ ಕೂಸಿಗೆ ಅಪಾಯವಾಗುತ್ತಿತ್ತೆಂದರು. ನೀರು ಹೆಚ್ಚಾದರೆ ಗುಣವಿಲ್ಲ, ಕಡಿಮೆಯಾದರೆ ಕೇಡು. ಅಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆ ಹಾಕುವ ಸಣ್ಣ ಪೊಟ್ಟಣವೂ ಸಿಗುತ್ತದೆ. ಆದ್ದರಿಂದ ಹೋದ ಸಲದ ನೆನಪಿನ ಮೇಲೆ ಮಾಡುವಂತಿಲ್ಲ, ಕೈಯಲ್ಲಿರುವ ಪೊಟ್ಟಣವನ್ನೇ ಓದಬೇಕು.

ಜೊತೆಗೆ ಸತುವಿನ ಮಾತ್ರೆ ಕೊಟ್ಟರು. ದಿನಕ್ಕೊಂದು, 14 ದಿನ, ಭೇದಿ ನಿಂತರೂ ಬಿಡುವಂತಿಲ್ಲ. ಮೂರನೇ ದಿನ ಕೂಸು ಆಡುತ್ತಿದ್ದರೆ ಯಾರಿಗೆ ಮಾತ್ರೆಯ ನೆನಪು? ಪುಟ್ಟ ತವರಿನ ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಮನೆಗೆ ಗುರುತು ಹಾಕಿ ಬಂದ. ಹೊಳಲ್ಕೆರೆಗೆ ಬಂದ ಮೇಲೂ ದಿನಾ ಸಂಜೆ ಫೋನು ಮಾಡಿ, "ಅತ್ತೆ, ಇವತ್ತಿನ ಮನೆಗೆ ಗೀಟು ಹಾಕಿದ್ರಾ?" ಎಂದು ಕೇಳುತ್ತಿದ್ದ. ಹದಿನಾಲ್ಕೂ ತುಂಬಿದವು.

ಈ ಪೊಟ್ಟಣದ ಹಿಂದೆ ಒಂದು ದೊಡ್ಡ ಕಥೆಯೇ ಇದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಮುಗಿದವು. ಆಗ ಡಾ. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಸಕ್ಕರೆ ಅಂಶಗಳನ್ನು ಅಳತೆಯಲ್ಲಿ ಬೆರೆಸಿದ ನೀರನ್ನು ಕುಡಿಸಲು ರೋಗಿಗಳ ಬಂಧುಗಳ ಕೈಗೇ ಕೊಟ್ಟರು. ಸಾಯುವವರ ಸಂಖ್ಯೆ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ ಸರ್ಕಾರ ಪದ್ಮವಿಭೂಷಣ ಘೋಷಿಸಿತು. ಅಂದು ಕುಡಿಸಿದವರು ದಾದಿಯರಲ್ಲ, ತಾಯಂದಿರು, ಅಕ್ಕತಂಗಿಯರು. ಹೇಳಿದ ಅಳತೆಯನ್ನು ತಪ್ಪದೆ ಪಾಲಿಸಿದ್ದರಿಂದಲೇ ಅದು ಔಷಧಿಯಾಯಿತು.

ಕೊನೆಯಲ್ಲಿ ಒಂದು ಎಚ್ಚರಿಕೆ. ಎಷ್ಟು ಹೇಳಿಕೊಟ್ಟರೂ ಮಗು ಸಾಲು ಬಿಟ್ಟು ಸಾಲು ಓದುತ್ತಿದ್ದರೆ, ಅಕ್ಷರ ಅದಲುಬದಲು ಮಾಡುತ್ತಿದ್ದರೆ ದಯವಿಟ್ಟು ಹೊಡೆಯಬೇಡಿ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಓದುವುದರಲ್ಲೇ ತೊಡಕಿರುವ ಮಕ್ಕಳೂ ಇರುತ್ತಾರೆ, ಅವರು ದಡ್ಡರಲ್ಲ. ಟೀಚರನ್ನೂ ವೈದ್ಯರನ್ನೂ ಕೇಳಿ. ಬರೆದದ್ದೆಲ್ಲವೂ ಸರಿಯೆಂದು ಕುರುಡಾಗಿ ನಂಬಲೂ ಕಲಿಸಬೇಡಿ. ಅರ್ಥವಾಗದಿದ್ದರೆ, ಎರಡು ಸಾಲು ಒಂದಕ್ಕೊಂದು ತಾಳೆಯಾಗದಿದ್ದರೆ, ಕೈ ನಿಲ್ಲಿಸಿ ದೊಡ್ಡವರನ್ನು ಕೇಳಬೇಕು. ಪೂರ್ತಿ ಓದಿದವನಿಗೇ ಸರಿಯಾದ ಪ್ರಶ್ನೆ ಕೇಳಲು ಬರುವುದು.

ಪುಟ್ಟ ಈಗ ತಾನೇ ಚೀಟಿ ಬರೆಯುತ್ತಾನೆ. ಮೊನ್ನೆ ಅಕ್ಕ ಹಾಸ್ಟೆಲಿನಿಂದ ಬರುವವಳಿದ್ದಾಗ 'ತೋಟಕ್ಕೆ ಹೋಗಿದ್ದೇವೆ. ಬೀಗದ ಕೈ ಎಲ್ಲಿದೆ ಎಂದು ತಿಳಿಯಲು ಪಕ್ಕದ ಮನೆ ಅಜ್ಜಿಯನ್ನು ಕೇಳು' ಎಂದು ಬಾಗಿಲಿಗೆ ಅಂಟಿಸಿದ್ದ. ಬೀಗದ ಕೈ ಇರುವ ಜಾಗವನ್ನು ದಾರಿಹೋಕರಿಗೆಲ್ಲ ಕಾಣುವಂತೆ ಬರೆಯಬಾರದೆಂದು ಅವನೇ ಯೋಚಿಸಿದ್ದು.

ನೀವೂ ಈ ಪತ್ರಿಕೆ ಓದಿ ಮುಗಿಸಿದ ಮೇಲೆ ಮಡಿಸಿ ಇಟ್ಟುಬಿಡಬೇಡಿ. ಅಡಿಗೆ ಪುಟವನ್ನು ಮಗುವಿನ ಮುಂದೆ ತೆರೆದಿಡಿ, ಸುಲಭವಾದದ್ದೊಂದನ್ನು ಆರಿಸಲು ಹೇಳಿ. ಒಲೆ ಬೇಡದ ಪಾನಕವೋ ಕೋಸಂಬರಿಯೋ ಸಾಕು. ಆಮೇಲೆ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಅರ್ಧ ಗಂಟೆ ಕಷ್ಟವಾಗುತ್ತದೆ, ನನಗೆ ಗೊತ್ತು. ಕೂತು ನೋಡಿ.